ಧೂಪದಾಳದ ನೀರು, ಕಾಕಾನ ಲೆನ್ಸುಗಳು

ಧೂಪದಾಳದ ಒಡ್ಡಿನ ಹಿಂದೆ ಘಟಪ್ರಭೆ ಅಗಲವಾಗಿ, ಆಳವಿಲ್ಲದೆ ನಿಂತಿದ್ದಾಳೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾಲುವೆಗೆ ನೀರು ತಿರುಗಿಸಲು ಕಟ್ಟಿದ ಒಡ್ಡು ಇದು. ಹಿನ್ನೀರಿನಲ್ಲಿ ಹೂಳು ಕೂತು ನಡುಗಡ್ಡೆಗಳಾದವು, ಅವುಗಳ ಮೇಲೆ ಆಪು, ಜಾಲಿ ಬೆಳೆದವು, ಅಲ್ಲಿಗೆ ಹಕ್ಕಿಗಳು ಬಂದವು. ಗೋಕಾಕ ಮತ್ತು ಹುಕ್ಕೇರಿ ತಾಲ್ಲೂಕುಗಳಿಗೆ ಸೇರಿದ ಈ ಹರವು 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು. ವಿಸ್ತೀರ್ಣ ಸುಮಾರು 30 ಚದರ ಕಿಲೋಮೀಟರ್. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಹಿಮಾಲಯ ದಾಟಿ ಬರುವ ಡೆಮೊಸೆಲ್ ಕ್ರೇನ್‌ಗಳಿಂದಾಗಿ ಪಕ್ಷಿ ನೋಡುವವರಿಗೆ ಈ ಜಾಗದ ಹೆಸರು ಗೊತ್ತು.

ಜನವರಿಯ ಮುಂಜಾನೆ ಇಲ್ಲಿನ ದಂಡೆಯ ಮೇಲೆ ನಿಂತರೆ ಮೊದಲು ಅರಿವಿಗೆ ಬರುವುದು ದೂರ. ಕ್ರೇನ್‌ಗಳು ನೂರು ಮೀಟರಿನ ಆಚೆ ಇರುತ್ತವೆ. ಮನುಷ್ಯ ಇನ್ನೂ ಹತ್ತಿರವಾದರೆ ಮೊದಲು ಒಂದು ಕತ್ತು ಮೇಲೇಳುತ್ತದೆ, ಆಮೇಲೆ ಹತ್ತು ಕತ್ತುಗಳು. ಕತ್ತುಗಳು ಕೆಳಗಿಳಿಯದೆ ಹಾಗೇ ಉಳಿದರೆ ನಾವು ಹಿಂದೆ ಸರಿಯಬೇಕು. ನನ್ನ ಕೈಯಲ್ಲಿರುವ 400 ಎಂ.ಎಂ. ಲೆನ್ಸಿನಲ್ಲಿ, ನೂರು ಮೀಟರ್ ದೂರದಲ್ಲಿ ನಿಂತ 90 ಸೆಂಟಿಮೀಟರ್ ಎತ್ತರದ ಕ್ರೇನ್ ಫಿಲ್ಮಿನ ಮೇಲೆ ಮೂರೂವರೆ ಮಿಲಿಮೀಟರ್ ಎತ್ತರಕ್ಕೆ ಮೂಡುತ್ತದೆ. ಫಿಲ್ಮಿನ ಚೌಕಟ್ಟು 36 ಮಿಲಿಮೀಟರ್ ಅಗಲ. ಈ ಲೆಕ್ಕ ತಲೆಯಲ್ಲಿದ್ದರೆ ಕಣ್ಣು ಒಂಟಿ ಹಕ್ಕಿಯನ್ನು ಬಿಟ್ಟು ಇಡೀ ಹಿಂಡನ್ನು, ಹಿಂಡಿನ ಹಿಂದಿನ ಹೂಳದಿಬ್ಬವನ್ನು, ದಿಬ್ಬ ನೀರಿಗಿಳಿಯುವ ಅಂಚನ್ನು ನೋಡತೊಡಗುತ್ತದೆ. ಕ್ರೇನ್‌ಗಳು ಯಾವ ದಿಬ್ಬ ಆರಿಸಿಕೊಂಡಿವೆ, ನೀರು ಅವುಗಳ ಕಾಲಿನ ಯಾವ ಗಂಟಿನವರೆಗಿದೆ ಎಂಬುದೂ ಚಿತ್ರದಲ್ಲಿ ದಾಖಲಾಗುತ್ತದೆ.

ಈ 400 ಸಾಲಿಗೊರ್ ಹೆಸರಿನದು, ನನ್ನ ಕಾಕಾನದು. ಅವರು ಬಿಟ್ಟುಹೋದ ಕಬ್ಬಿಣದ ಟ್ರಂಕಿನಲ್ಲಿ ಒಂದು ಜೆನಿಟ್-ಇ ಕ್ಯಾಮೆರಾ, ಅದರದೇ 58 ಎಂ.ಎಂ. ಹೀಲಿಯೋಸ್, ಜೊತೆಗೆ ಮೂರು ಹೊರಗಿನ ಲೆನ್ಸುಗಳಿದ್ದವು: ಸಾಲಿಗೊರ್ 400, ವಿವಿಟಾರ್ 135, ಟ್ಯಾಮ್ರಾನ್ 90. ಕ್ಯಾಮೆರಾ ಮಾಡಿದ ಕಂಪನಿಯವರಲ್ಲದೆ ಬೇರೆಯವರು ಮಾಡಿದ ಲೆನ್ಸುಗಳನ್ನು ಆ ಕಾಲದ ಸ್ಟುಡಿಯೋದವರು ಎರಡನೇ ದರ್ಜೆಯವೆಂದೇ ಎಣಿಸುತ್ತಿದ್ದರು. ಆಮದಿನ ಬಿಗಿ ಇದ್ದ ದಿನಗಳಲ್ಲಿ ಕಂಪನಿಯ ಅಸಲಿ ಟೆಲಿ ಲೆನ್ಸು ಗೋಕಾಕದಂಥ ಊರಿನ ಹವ್ಯಾಸಿಯ ಕೈಗೆಟುಕುವ ಮಾತಾಗಿರಲಿಲ್ಲ. ಮುಂಬೈನ ಫೋರ್ಟ್ ಭಾಗದ ಅಂಗಡಿಗಳಲ್ಲಿ ಸಿಕ್ಕದ್ದು, ಗಲ್ಫಿಗೆ ದುಡಿಯಲು ಹೋದವರ ಚೀಲದಲ್ಲಿ ಬಂದದ್ದು ಇಂಥ ಲೆನ್ಸುಗಳೇ.

ಈ ಲೆನ್ಸುಗಳ ಹೆಸರಿನ ಹಿಂದೆ ಇನ್ನೊಂದು ಕತೆಯಿದೆ. ವಿವಿಟಾರ್ ಅಮೆರಿಕದ ವ್ಯಾಪಾರಿ ಸಂಸ್ಥೆ, ಲೆನ್ಸುಗಳನ್ನು ಜಪಾನಿನ ಬೇರೆ ಬೇರೆ ಕಾರ್ಖಾನೆಗಳಲ್ಲಿ ಮಾಡಿಸುತ್ತಿತ್ತು. ಯಾರು ಮಾಡಿದರೆಂಬುದು ಕ್ರಮಸಂಖ್ಯೆಯ ಮೊದಲ ಎರಡು ಅಂಕಿಗಳಲ್ಲಿದೆ: 22 ಇದ್ದರೆ ಕಿನೋ, 28 ಇದ್ದರೆ ಕೊಮಿನೆ, 37 ಇದ್ದರೆ ಟೊಕಿನಾ. ನನ್ನ 135ರ ಅಂಕಿ 28ರಿಂದ ಶುರುವಾಗುತ್ತದೆ. ಕೊಮಿನೆಯ ಫೋಕಸ್ ಬಳೆ ಇಂದಿಗೂ ಅಡೆತಡೆಯಿಲ್ಲದೆ ತಿರುಗುತ್ತದೆ. ಸಾಲಿಗೊರ್‌ನದೂ ಬೇರೆಯವರಿಂದ ಮಾಡಿಸಿ ತನ್ನ ಹೆಸರು ಹಾಕುತ್ತಿದ್ದ ವ್ಯಾಪಾರವೇ. ಟ್ಯಾಮ್ರಾನ್ ಮಾತ್ರ ತಾನೇ ಕಾರ್ಖಾನೆ ನಡೆಸಿದ ಸಂಸ್ಥೆ. 1950ರಲ್ಲಿ ಶುರುವಾಗಿ ಮೊದಲು ತೈಸೆಯಿ ಕೊಗಾಕು ಎಂಬ ಹೆಸರಿನಲ್ಲಿದ್ದಾಗ ಅದು ಒಂದು ಉಪಕಾರ ಮಾಡಿತು. 1957ರಲ್ಲಿ ಟಿ-ಮೌಂಟ್ ಎಂಬ ಬಳೆಯ ಪದ್ಧತಿ ತಂದಿತು. ಲೆನ್ಸು ಒಂದೇ, ಹಿಂದಿನ ಬಳೆ ಬದಲಿಸಿದರೆ ಯಾವ ಕ್ಯಾಮೆರಾಕ್ಕಾದರೂ ಕೂರುತ್ತದೆ. 1970ರ ದಶಕದಲ್ಲಿ ಅದೇ ವಿಚಾರವನ್ನು ಅಡಾಪ್ಟಾಲ್ ಎಂದು ಸುಧಾರಿಸಿತು. ಕ್ಯಾಮೆರಾ ಕೆಟ್ಟು ಹೋದರೂ ಲೆನ್ಸು ಅನಾಥವಾಗದೆ ಮುಂದಿನ ತಲೆಮಾರಿಗೆ ದಾಟಲು ಇದೇ ಕಾರಣ. ಕಾಕಾನ ಜೆನಿಟ್‌ನ ಶಟರ್ ಒಂದು ದಿನ ನಿಂತರೂ ಟಿ-ಮೌಂಟಿನ 400 ಮತ್ತು ಅಡಾಪ್ಟಾಲ್‌ನ 90 ನಿಲ್ಲಬೇಕಿಲ್ಲ. ಬಳೆ ಬದಲಾದರೆ ಸಾಕು.

ಬಳೆಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಜೆನಿಟ್, ಹಳೆಯ ಪೆಂಟಾಕ್ಸ್‌ಗಳ ಎಂ-42 ತಿರುಪಿನ ವ್ಯಾಸ 42 ಮಿಲಿಮೀಟರ್, ಎಳೆಯಿಂದ ಎಳೆಗೆ ಅಂತರ 1 ಮಿಲಿಮೀಟರ್. ಟಿ-ಮೌಂಟಿನ ವ್ಯಾಸವೂ 42, ಆದರೆ ಎಳೆಯ ಅಂತರ 0.75. ಎರಡೂ ಒಂದೇ ಎಂದು ಬಗೆದು ಬಲ ಹಾಕಿ ತಿರುಗಿಸಿದರೆ ಅರ್ಧ ಸುತ್ತಿಗೆ ಕಚ್ಚಿಕೊಂಡು ಎರಡರ ಎಳೆಯೂ ಹಾಳಾಗುತ್ತದೆ. ಬೆರಳ ತುದಿಯಿಂದ ತಿರುಗದ ಲೆನ್ಸನ್ನು ಮುಷ್ಟಿಯಿಂದ ತಿರುಗಿಸಬಾರದು.

ಧೂಪದಾಳಕ್ಕೆ ಮರಳುತ್ತೇನೆ. ಸೂರ್ಯ ಹುಟ್ಟಿದ ಮೇಲೂ ಒಂದಿಷ್ಟು ಹೊತ್ತು 400ಕ್ಕೆ ಕೆಲಸವಿಲ್ಲ. ಅದರ ಅತಿ ದೊಡ್ಡ ಕಿಂಡಿ ಎಫ್ 6.3, ಮಂಜಿನ ಬೆಳಕಿಗೆ ಅದು ಸಾಲದು. ಆ ಹೊತ್ತು ಬರೀ ನೋಡುವುದಕ್ಕೆ. ನೀರುಕಾಗೆಗಳು ಜಾಲಿಯ ಒಣಕೊಂಬೆಯಲ್ಲಿ ರೆಕ್ಕೆ ಬಿಚ್ಚಿ ಕೂರುವುದು ಬಿಸಿಲು ಕೊಂಬೆಗೆ ತಾಗಿದ ಮೇಲೆ. ಕಪ್ಪು ಬಿಳಿ ಮಿಂಚುಳ್ಳಿ ಅದಕ್ಕೂ ಮೊದಲೇ ಕೆಲಸಕ್ಕೆ ಹತ್ತಿರುತ್ತದೆ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕೊಕ್ಕು ಕೆಳಗೆ ಮಾಡಿ, ಸರಕ್ಕನೆ ಇಳಿಯುತ್ತದೆ. ಮೀನು ಸಿಕ್ಕರೆ ತನ್ನದೇ ಆದ ಒಂದು ಗೂಟಕ್ಕೆ ಬರುತ್ತದೆ. ಬಲೆ ಕಟ್ಟಲು ಮೀನುಗಾರರು ಹುಗಿದ ಗೂಟಗಳಲ್ಲಿ ಅದಕ್ಕೆ ಮೆಚ್ಚಿನದು ಒಂದೋ ಎರಡೋ. ಹಿಕ್ಕೆ ಬಿದ್ದು ಬೆಳ್ಳಗಾಗಿರುವ ತುದಿ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ.

ತೆಪ್ಪದಲ್ಲಿ ಬಲೆ ಎಳೆಯುತ್ತಿದ್ದ ಹಿರಿಯರೊಬ್ಬರು ಕೂಗಿ ಹೇಳಿದರು: “ಮಾಸ್ತರ್ರ, ಇವತ್ತ ಮೂಡಗಾಳಿ ಬಿಟ್ಟೈತಿ. ಈ ಗೂಟಕ್ಕ ಬರೂದಿಲ್ಲ ಅದು. ಆ ದಂಡೀ ಕಡೆ ನೋಡ್ರಿ.” ಅವರು ಹೇಳಿದ್ದೇ ಸರಿ. ಗಾಳಿಗೆ ನೀರು ಅಲೆಯೆದ್ದ ಕಡೆ ಮೀನು ಮಿಂಚುಳ್ಳಿಗೆ ಕಾಣದು. ಗಾಳಿಮರೆಯ ದಂಡೆಯಲ್ಲಿ ನೀರು ತಿಳಿಯಾಗಿರುತ್ತದೆ. ಹಕ್ಕಿ ಅಂದು ಅಲ್ಲಿಯ ಗೂಟಗಳನ್ನೇ ಬಳಸಿತು.

ಗೂಟ ಗೊತ್ತಾದ ಮೇಲೆ ಲೆನ್ಸಿನ ಸರದಿ. ಈ 400 ಪ್ರಿಸೆಟ್ ಲೆನ್ಸು, ಕಿಂಡಿಗೆ ಎರಡು ಬಳೆ. ಒಂದರಲ್ಲಿ ಬೇಕಾದ ಅಂಕಿ ಹೊಂದಿಸಿಡಬೇಕು. ಇನ್ನೊಂದನ್ನು ತೆರೆದು, ಬೆಳಕು ತುಂಬಿದ ಕಿಟಕಿಯಲ್ಲಿ ಫೋಕಸ್ ಮಾಡಿ, ಒತ್ತುವ ಮೊದಲು ಕೈಯಂದಾಜಿನಿಂದ ಮುಚ್ಚಬೇಕು. ಮುಚ್ಚಿದೊಡನೆ ಕಿಟಕಿ ಮಬ್ಬಾಗುತ್ತದೆ. ಹಾರಿಬಂದ ಹಕ್ಕಿಯ ಮೇಲೆ ಇಷ್ಟೆಲ್ಲ ಮಾಡಲು ಸಮಯವಿಲ್ಲ, ಆದ್ದರಿಂದ ಫೋಕಸನ್ನು ಖಾಲಿ ಗೂಟದ ತುದಿಗೇ ಮಾಡಿಟ್ಟು, ಕ್ಯಾಮೆರಾ ಸ್ಟ್ಯಾಂಡಿನ ತಿರುಪು ಬಿಗಿದು ಕೂರುತ್ತೇನೆ. ಗೂಟದಿಂದ 12 ಮೀಟರಿನಲ್ಲಿ ಕೂತರೆ ಹಕ್ಕಿ ಫಿಲ್ಮಿನ ಮೇಲೆ 8 ಮಿಲಿಮೀಟರ್ ಬರುತ್ತದೆ, ಕಾಲುಭಾಗಕ್ಕೂ ಕಡಿಮೆ. ಅಷ್ಟು ಸಾಕು. ಮೀನು ಹಿಡಿದು ಬಂದ ಮಿಂಚುಳ್ಳಿ ಅದನ್ನು ಗೂಟಕ್ಕೆ ಬಡಿಯುತ್ತದೆ, ತಲೆ ಮೊದಲಾಗಿ ತಿರುಗಿಸಿಕೊಂಡು ನುಂಗುತ್ತದೆ, ನುಂಗಿದ ಮೇಲೆ ಒಂದು ಗಳಿಗೆ ಅಲುಗದೆ ಕೂರುತ್ತದೆ. ಆ ಗಳಿಗೆಯೇ ಹಳೆಯ ಲೆನ್ಸಿನ ಪಾಲಿನದು. ಜೆನಿಟ್‌ನ ಕನ್ನಡಿ ಏಳುವ ಸದ್ದು ದೊಡ್ಡದು, ಮೊದಲ ಚಿತ್ರಕ್ಕೇ ಹಕ್ಕಿ ಹಾರುತ್ತದೆ. ಎರಡನೆಯದನ್ನು ಎಣಿಕೆಗೆ ಹಿಡಿಯಬಾರದು.

ಬಿಸಿಲೇರಿದ ಮೇಲಿನ ಲೆಕ್ಕ ಸರಳ. 400 ವೇಗದ ಕಪ್ಪುಬಿಳುಪು ಫಿಲ್ಮಿಗೆ ಸ್ವಚ್ಛ ಬಿಸಿಲಿನಲ್ಲಿ ಎಫ್ 11, ಸೆಕೆಂಡಿನ ಸಾವಿರದಲ್ಲೊಂದು ಭಾಗ. ಜೆನಿಟ್-ಇ ಓಡುವುದು ಐನೂರರಲ್ಲೊಂದು ಭಾಗದವರೆಗೆ ಮಾತ್ರ. ಲೆನ್ಸಿನ ಮುಂದೆ ಹಳದಿ ಫಿಲ್ಟರ್ ಹಾಕಿದರೆ ಒಂದು ಸ್ಟಾಪ್ ಬೆಳಕು ಕಡಿಮೆಯಾಗಿ ಲೆಕ್ಕ ಸರಿಹೋಗುತ್ತದೆ. ಫಿಲ್ಟರಿಗೆ ಇನ್ನೊಂದು ಗುಣವೂ ಇದೆ. ಹಳೆಯ ಸಾದಾ ಟೆಲಿ ಲೆನ್ಸುಗಳು ನೀಲಿ ಬೆಳಕನ್ನು ಉಳಿದ ಬಣ್ಣಗಳು ಕೂಡುವ ಜಾಗದಲ್ಲೇ ಕೂಡಿಸಲಾರವು, ಅಂಚು ಮೆತ್ತಗಾಗುತ್ತದೆ. ಹಳದಿ ಗಾಜು ನೀಲಿಯನ್ನು ತಡೆದರೆ ಗರಿಯ ಅಂಚು ಗಟ್ಟಿಯಾಗಿ ಬರುತ್ತದೆ, ಹೊಳೆಯ ಮೇಲಿನ ಮಬ್ಬೂ ತೆಳುವಾಗುತ್ತದೆ. ಹೊಸ ಲೆನ್ಸಿನ ಹರಿತ ಇದಕ್ಕಿಲ್ಲ, ನಿಜ. ಆದರೆ ಮಿಂಚುಳ್ಳಿಯ ಎದೆಯ ಕಪ್ಪು ಪಟ್ಟಿ ಎರಡಿದ್ದರೆ ಗಂಡು, ಒಂದೇ ಇದ್ದು ನಡುವೆ ಮುರಿದಿದ್ದರೆ ಹೆಣ್ಣು ಎಂದು ಹೇಳುವಷ್ಟು ವಿವರ ನೆಗೆಟಿವ್‌ನಲ್ಲಿ ಸ್ಪಷ್ಟವಾಗಿ ಸಿಗುತ್ತದೆ. ದಾಖಲೆಗೆ ಅದು ಸಾಕು.

ಮೂಡಲಗಿಯ ಕಡೆ 400 ಒಯ್ಯುವುದಿಲ್ಲ. ಕಾಲುವೆ ನೀರಿನ ಸೀಮೆ ಅದು. ಕಬ್ಬು ಆಳೆತ್ತರ ನಿಂತಾಗ ನೋಟವೇ ಇಪ್ಪತ್ತು ಹೆಜ್ಜೆಗೆ ಮುಗಿಯುತ್ತದೆ. ಅಲ್ಲಿಗೆ 135 ಹದವಾದದ್ದು. ಮಳೆಗಾಲದಲ್ಲಿ ಬಾವಿಯ ಮೇಲೆ ಬಾಗಿದ ಜಾಲಿಗಳಲ್ಲಿ ಗೀಜಗನ ಗೂಡುಗಳು ತೂಗುತ್ತವೆ. ಹಸಿರಾಗಿದ್ದರೆ ಅದೇ ವಾರ ನೇಯ್ದದ್ದು, ಕಂದಾಗಿದ್ದರೆ ಹಳೆಯದು. ಗಂಡು ಅರ್ಧ ಗೂಡು ನೇಯ್ದು ಕೆಳಗೆ ಜೋತು ರೆಕ್ಕೆ ಬಡಿದು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು ನೋಡಿ, ಮೆಚ್ಚಿದರೆ ಮಾತ್ರ ಉಳಿದರ್ಧ ಪೂರ್ತಿಯಾಗುತ್ತದೆ. ಮೆಚ್ಚದ ಅರ್ಧಗೂಡುಗಳು ಹಾಗೇ ಒಣಗಿ ತೂಗುತ್ತಿರುತ್ತವೆ. ಒಂದೇ ಮರವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದೇ ಜಾಗದಲ್ಲಿ ನಿಂತು, ಅದೇ 135ರಲ್ಲಿ ತೆಗೆಯುತ್ತ ಹೋದರೆ ಎಷ್ಟು ಗೂಡು ಮೆಚ್ಚುಗೆಯಾದವು, ಎಷ್ಟು ಅರ್ಧಕ್ಕೆ ನಿಂತವು ಎಂದು ನೆಗೆಟಿವ್‌ಗಳನ್ನು ಸಾಲಾಗಿಟ್ಟು ಎಣಿಸಬಹುದು. ಜೂಮ್ ಇಲ್ಲದ ಲೆನ್ಸಿನ ಲಾಭ ಇಲ್ಲಿದೆ: ನಿಂತ ಜಾಗ ಬದಲಾಗದಿದ್ದರೆ ಚೌಕಟ್ಟೂ ಬದಲಾಗದು.

ನಮ್ಮ ಕಡೆ ಹಳೆಯ ಸ್ಟುಡಿಯೋದವರ ಬಳಿ ಹೆಚ್ಚಾಗಿ ಉಳಿದಿರುವುದು ನಿಕಾನ್ ಕ್ಯಾಮೆರಾಗಳು. ಎಂ-42 ಲೆನ್ಸನ್ನು ಬರೀ ಬಳೆಯಿಂದ ನಿಕಾನ್‌ಗೆ ಕೂರಿಸಿದರೆ ದೂರದ ಗುಡ್ಡ ಫೋಕಸ್ ಆಗುವುದಿಲ್ಲ. ಎಂ-42ರಲ್ಲಿ ಲೆನ್ಸಿನ ಕೂರುತಾಣದಿಂದ ಫಿಲ್ಮಿಗೆ 45.46 ಮಿಲಿಮೀಟರ್, ನಿಕಾನ್‌ನಲ್ಲಿ 46.5. ಈ ಒಂದು ಮಿಲಿಮೀಟರ್ ಲೆನ್ಸನ್ನು ಮುಂದೆ ತಳ್ಳುತ್ತದೆ. ಲೆಕ್ಕ ಹಾಕಿದರೆ 58ರ ನೋಟ ಮೂರು ಮೀಟರಿಗೆ ನಿಲ್ಲುತ್ತದೆ, 135ರದು ಹದಿನೇಳು ಮೀಟರಿನ ಆಸುಪಾಸಿಗೆ. ಗೀಜಗನ ಮರಕ್ಕೆ ಹದಿನೇಳು ಮೀಟರ್ ಧಾರಾಳ. ಹಾಗಾಗಿ “ಇದು ನಮ್ಮ ಕ್ಯಾಮೆರಾಕ್ಕೆ ಬರೂದಿಲ್ಲ” ಎಂದು ಯಾರಾದರೂ ಲೆನ್ಸನ್ನು ಪಕ್ಕಕ್ಕಿಟ್ಟರೆ, ಎಷ್ಟು ದೂರಕ್ಕೆ ಬರುತ್ತದೆ ಎಂದು ಕೇಳಿ ನೋಡಬೇಕು.

ಕಬ್ಬು ಕಡಿಯುವ ಕಾಲದಲ್ಲಿ ಮೂಡಲಗಿಯ ಹೊಲಗಳು ಬೇರೆಯೇ ಆಗುತ್ತವೆ. ರವದಿಗೆ ಬೆಂಕಿ ಇಟ್ಟ ಕರಿನೆಲದ ಮೇಲೆ ಬೆಳ್ಳಕ್ಕಿಗಳು ಹುಳ ಹೆಕ್ಕಲು ಇಳಿಯುತ್ತವೆ. ಇಲ್ಲಿ ಕ್ಯಾಮೆರಾದ ಮೀಟರನ್ನು ನಂಬಬಾರದು. ಅದು ಕರಿನೆಲವನ್ನು ನೋಡಿ ಬೆಳಕು ಸಾಲದೆಂದು ಹೇಳುತ್ತದೆ, ಹಾಗೆಯೇ ತೆಗೆದರೆ ಬೆಳ್ಳಕ್ಕಿ ಗರಿಯೊಂದೂ ಕಾಣದ ಬಿಳಿ ಕಲೆಯಾಗುತ್ತದೆ. ಹಕ್ಕಿಗೆ ಬೀಳುವ ಬಿಸಿಲೇ ನನ್ನ ಅಂಗೈಗೂ ಬೀಳುತ್ತದೆ. ಅಂಗೈಯ ಅಳತೆ ತೆಗೆದುಕೊಂಡು ಹೊಂದಿಸಿದರೆ ಗರಿ ಉಳಿಯುತ್ತದೆ. ರವದಿ ಸುಡುವುದನ್ನೇ ಬಿಟ್ಟು ನೆಲಕ್ಕೆ ಮುಚ್ಚಿಗೆ ಮಾಡುವ ರೈತರ ಹೊಲದಲ್ಲೂ ಬೆಳ್ಳಕ್ಕಿ ಬರುತ್ತವೆ. ಅಲ್ಲಿ ಅವು ಹೆಚ್ಚು ಹೊತ್ತು ನಿಲ್ಲುತ್ತವೆ ಎಂಬುದು ನನ್ನ ಕಣ್ಣಳತೆ.

ಟ್ಯಾಮ್ರಾನ್ 90ರ ಜಾಗ ಗೋಕಾಕ ಫಾಲ್ಸ್. ಘಟಪ್ರಭೆ ಮರಳುಗಲ್ಲಿನ ಬಂಡೆಯಿಂದ ಸುಮಾರು 52 ಮೀಟರ್ ಕೆಳಗೆ ಧುಮುಕುವುದನ್ನು ನೋಡಲು ಬಂದವರು ತೂಗುಸೇತುವೆಯ ಹತ್ತಿರ ಸೇರುತ್ತಾರೆ. ನಾನು ಬಂಡೆಯಂಚಿನ ಎಕ್ಕಿ ಗಿಡಗಳ ಹತ್ತಿರ ಕೂರುತ್ತೇನೆ. ಪ್ಲೇನ್ ಟೈಗರ್ ಚಿಟ್ಟೆ ಎಕ್ಕಿಯ ಎಲೆಗೆ ಒಂದೊಂದೇ ಮೊಟ್ಟೆ ಇಡುತ್ತದೆ. ಹುಳ ಹೊರಬಂದು ಎಕ್ಕಿಯ ಹಾಲಿನ ವಿಷವನ್ನೇ ತನ್ನ ಮೈಗಿಳಿಸಿಕೊಂಡು ಬೆಳೆಯುತ್ತದೆ. ಕಪ್ಪು, ಹಳದಿ, ಬಿಳಿ ಪಟ್ಟೆ, ಬೆನ್ನ ಮೇಲೆ ಮೂರು ಜೊತೆ ಕರಿ ಕೊಂಬು. ಹೆಚ್ಚಿನ ಹಕ್ಕಿಗಳು ಅದನ್ನು ಮುಟ್ಟವು. ಹತ್ತಿರದಲ್ಲೇ ಹಳದಿ ನೀಲಿ ಬಣ್ಣದ ಎಕ್ಕಿ ಮಿಡತೆಯೂ ಇರುತ್ತದೆ, ಅದೂ ಇದೇ ವಿಷ ಉಂಡು ಬದುಕುವುದು.

ಈ 90 ಎಂ.ಎಂ. ಲೆನ್ಸು 39 ಸೆಂಟಿಮೀಟರ್ ಹತ್ತಿರಕ್ಕೆ ಹೋಗುತ್ತದೆ, ಅಲ್ಲಿ ಹುಳ ಫಿಲ್ಮಿನ ಮೇಲೆ ತನ್ನ ಅರ್ಧ ಗಾತ್ರಕ್ಕೆ ಮೂಡುತ್ತದೆ. ಅಷ್ಟು ಹತ್ತಿರದಲ್ಲಿ ಒಂದು ಸ್ಟಾಪಿಗಿಂತ ಸ್ವಲ್ಪ ಹೆಚ್ಚು ಬೆಳಕು ನಷ್ಟವಾಗುತ್ತದೆ. ಜೆನಿಟ್-ಇಯ ಮೀಟರ್ ಲೆನ್ಸಿನ ಮೂಲಕ ನೋಡುವುದಿಲ್ಲ, ಮೇಲಿನ ಸೆಲೆನಿಯಂ ಫಲಕದಿಂದ ನೋಡುತ್ತದೆ. ಆದ್ದರಿಂದ ಈ ನಷ್ಟವನ್ನು ನಾವೇ ಕೂಡಿಸಬೇಕು. ಎಫ್ 11ರಲ್ಲೂ ಸ್ಪಷ್ಟವಾಗುವ ದಪ್ಪ ನಾಲ್ಕು ಮಿಲಿಮೀಟರ್ ಮಾತ್ರ. ಹುಳದ ಮೈ ಫಿಲ್ಮಿಗೆ ಸಮಾನಾಂತರವಾಗಿ ಬಂದರೆ ತಲೆಯಿಂದ ಬಾಲದವರೆಗೆ ಪಟ್ಟೆ ಎಣಿಸಬಹುದು, ಓರೆಯಾದರೆ ಅರ್ಧ ಹುಳ ಕರಗಿಹೋಗುತ್ತದೆ. ಬಿಸಿಲು ಚುರುಕಾದಂತೆ ಹುಳ ಎಲೆಯಡಿಗೆ ಸರಿಯುತ್ತದೆ. ಎಲೆ ತಿರುಗಿಸಿ ತೆಗೆಯಬಾರದು, ಮಾರನೆಯ ಮುಂಜಾನೆ ಬರಬೇಕು.

ಹುಕ್ಕೇರಿಯಲ್ಲಿ ಬಿಜಾಪುರದ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ಅವುಗಳ ಒಳಗತ್ತಲೆಗೆ 58ರ ಎಫ್ 2 ಒಂದೇ ಗತಿ. ತಾಲ್ಲೂಕಿನ ಹಿಡಕಲ್ ಅಣೆಕಟ್ಟೆಯ, ಅಂದರೆ ರಾಜಾ ಲಖಮಗೌಡ ಜಲಾಶಯದ, ಹಿನ್ನೀರು ಬೇಸಿಗೆಯಲ್ಲಿ ತಗ್ಗಿದಾಗ ಹುನ್ನೂರಿನ ಮುಳುಗಿದ ವಿಠ್ಠಲ ದೇವಾಲಯ ಮೇಲೆದ್ದು ಕಾಣುತ್ತದೆ. ಅದರ ಸುತ್ತ ಬಿರಿದ ಕೆಸರಿನ ಬಯಲು. ಟಿಟ್ಟಿಭ ಅಂಥ ಬಯಲಲ್ಲಿ ಹರಳುಗಳ ನಡುವೆ, ಹರಳಿನದೇ ಬಣ್ಣದ ಮೊಟ್ಟೆ ಇಡುತ್ತದೆ. ಇಲ್ಲಿ ಯಾವ ಲೆನ್ಸೂ ಬೇಡ. ಏಪ್ರಿಲ್ ಬಿಸಿಲಿನಲ್ಲಿ ತಾಯಿ ಎದ್ದು ಸುತ್ತುತ್ತ ಕೂಗುವ ಹೊತ್ತಿನಲ್ಲಿ ಮೊಟ್ಟೆ ಬೇಯುತ್ತದೆ. ಎಷ್ಟು ಉದ್ದದ ಲೆನ್ಸಿದ್ದರೂ ತಾಯಿ ಗೂಡು ಬಿಟ್ಟೆದ್ದ ಚಿತ್ರ ಒಳ್ಳೆಯ ಚಿತ್ರವಲ್ಲ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಫಿಲ್ಮಿನ ಕಾಲದಲ್ಲಿ, ಕೈಯಿಂದಲೇ ಫೋಕಸ್ ಮಾಡಿ ನಮ್ಮ ನಾಡಿನ ಕಾಡನ್ನು, ಹಕ್ಕಿಯನ್ನು ಕಾಣಿಸಿದವರು. ಯಂತ್ರ ಬದಲಾಗಿದೆ, ಪ್ರಾಣಿಗೆ ಅಂಜಿಕೆಯಾಗದಂತೆ ನಿಲ್ಲುವ ಪಾಠ ಬದಲಾಗಿಲ್ಲ.

ಈ ಲೆನ್ಸುಗಳ ದೊಡ್ಡ ಶತ್ರು ಫಂಗಸ್. ಗಾಜಿನ ಹಿಂದೆ ಬ್ಯಾಟರಿ ಹಿಡಿದು ನೋಡಿದರೆ ಜೇಡರ ಬಲೆಯ ಎಳೆಗಳಂತೆ ಕಾಣುತ್ತದೆ. ಬೇಗ ಸಿಕ್ಕರೆ ಬಲ್ಲ ರಿಪೇರಿಯವರು ಬಿಚ್ಚಿ ಒರೆಸುತ್ತಾರೆ, ತಡವಾದರೆ ಅದು ಗಾಜಿನ ಲೇಪವನ್ನೇ ಕೊರೆದಿರುತ್ತದೆ. ತೇವ ಹಿಡಿಯುವ ಚರ್ಮದ ಪೆಟ್ಟಿಗೆಯಲ್ಲಿ ಲೆನ್ಸು ಇಡಬಾರದು. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಸಾಕು. ಮೂಡಲಗಿಯ ಒಣಹವೆಯಲ್ಲಿ ಅಷ್ಟೇನೂ ಭಯವಿಲ್ಲ. ಸಹ್ಯಾದ್ರಿಗೆ ಹತ್ತಿರವಾಗುವ ಹುಕ್ಕೇರಿಯ ಪಡುವಣ ಭಾಗದಲ್ಲಿ, ಫಾಲ್ಸಿನ ತುಂತುರಿನಲ್ಲಿ ತಿರುಗಿ ಬಂದ ಮೇಲೆ ಮಾತ್ರ ಒರೆಸದೆ, ಆರಿಸದೆ ಒಳಗಿಡಬೇಡಿ.

ಫಿಲ್ಮ್ ತೊಳೆಯುವುದನ್ನು ಮನೆಯಲ್ಲೇ ಮಾಡುತ್ತೇನೆ. ಡೆವಲಪರ್‌ಗೆ 20 ಡಿಗ್ರಿ ಬೇಕು. ಬೇಸಿಗೆಯಲ್ಲಿ ನಮ್ಮ ನಲ್ಲಿಯ ನೀರು ಅದಕ್ಕಿಂತ ಬಹಳ ಮೇಲಿರುತ್ತದೆ, ಮಡಕೆಯ ನೀರಿಗೆ ಐಸು ಸೇರಿಸಿ ಇಳಿಸಬೇಕು. ಬೋರಿನ ಗಡಸು ನೀರು ನೆಗೆಟಿವ್ ಮೇಲೆ ಸುಣ್ಣದ ಚುಕ್ಕೆ ಬಿಡುತ್ತದೆ. ಕೊನೆಯ ಜಾಲಾಟಕ್ಕೆ ಗ್ಯಾರೇಜಿನಲ್ಲಿ ಸಿಗುವ ಬ್ಯಾಟರಿ ನೀರು ಒಳ್ಳೆಯದು.

ಟ್ರಂಕಿನಲ್ಲಿ ಲೆನ್ಸುಗಳ ಕೆಳಗೆ ಕಾಕಾನ ನೆಗೆಟಿವ್‌ಗಳೂ ಇದ್ದವು. ಕೆಲವು ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು ಫಿಲ್ಮಿನವು. ಆ ಕಾರ್ಖಾನೆ ಈಗ ಮುಚ್ಚಿದೆ. ಒಂದು ಪಟ್ಟಿಯಲ್ಲಿ ಧೂಪದಾಳದ ಹಿನ್ನೀರು, ಅದರ ತುಂಬ ಕ್ರೇನ್‌ಗಳು. ಗಾಜಿನಡಿ ಇಟ್ಟು ಎಣಿಸಬಹುದು. ಆದರೆ ಪಟ್ಟಿಯ ಮೇಲೆ ತಿಂಗಳಿಲ್ಲ, ವರ್ಷವಿಲ್ಲ. ಹಿಡಕಲ್ ಕಟ್ಟೆ ಪೂರ್ತಿಯಾಗುವ ಮೊದಲಿನ ಹೊಳೆಯೋ ಆಮೇಲಿನದೋ ಎಂದು ಹೇಳಲಾಗುವುದಿಲ್ಲ. ನದಿಯ ಹರಿವು ಬದಲಾದಾಗ ಹಕ್ಕಿಗಳ ಸಂಖ್ಯೆ ಬದಲಾಯಿತೇ ಎಂಬ ಪ್ರಶ್ನೆಗೆ ಉತ್ತರವಾಗಬಹುದಾಗಿದ್ದ ಚಿತ್ರ ಅದು.

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕಕ್ಕೆ ನುಗ್ಗಿದಾಗ, ಲೋಳಸೂರ ಸೇತುವೆ ಮುಳುಗಿದಾಗ, ಮನೆಗಳ ಟ್ರಂಕು, ಆಲ್ಬಮ್ಮುಗಳೂ ನೀರು ಕಂಡವು. ಉಳಿದದ್ದನ್ನು ಈಗಲೇ ನೋಡಿಕೊಳ್ಳಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಿ ಮದುವೆ ಫೋಟೋ ತೆಗೆಯುತ್ತಿದ್ದ ಅಪ್ಪನದೋ ಕಾಕಾನದೋ ಲೆನ್ಸು ನಿಮ್ಮ ಅಟ್ಟದ ಮೇಲಿದ್ದರೆ ಇಳಿಸಿ, ಬ್ಯಾಟರಿ ಹಿಡಿದು ನೋಡಿ, ಒಂದು ರೋಲ್ ಹಾಕಿ ಹೊಳೆದಂಡೆಗೆ ಹೋಗಿ. ಪಕ್ಷಿಧಾಮದೊಳಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ಹಳೆಯ ನೆಗೆಟಿವ್‌ಗಳಿಗೆ ವಿನೆಗರಿನ ಹುಳಿವಾಸನೆ ಬರುತ್ತಿದ್ದರೆ ಅವು ಕೆಡತೊಡಗಿವೆ ಎಂದರ್ಥ, ಅವನ್ನು ಬೇರೆ ಮಾಡಿ ಬೇಗ ಸ್ಕ್ಯಾನ್ ಮಾಡಿಸಿ. ಮನೆಯ ಹಿರಿಯರು ಇನ್ನೂ ಇದ್ದರೆ ಪ್ರತಿ ಪಟ್ಟಿಯನ್ನೂ ಅವರಿಗೆ ತೋರಿಸಿ ಊರು, ತಿಂಗಳು, ವರ್ಷ ಕೇಳಿ, ಕಾಗದದ ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆದಿಡಿ.